‘ಯೆಸ್’ ಒತ್ತುವ ಮುನ್ನ

ಮೊನ್ನೆ ನಮ್ಮ ಸಂಘದ ಯುವ ವಿಭಾಗದ ಸಭೆ ಮುಗಿದ ಮೇಲೆ ಎಲ್ಲರೂ ಕಾಫಿ ಲೋಟ ಹಿಡಿದು ಹರಟೆಗೆ ನಿಂತಿದ್ದೆವು. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನನ್ನ ಬಳಿ ಬಂದು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಕೇಳಿದಳು: “ಅಂಕಲ್, ನೀವು ಸಿಸ್ಟಮ್ಸ್‌ನಲ್ಲೇ ಇದ್ದವರಲ್ವಾ? ನಮ್ಮ ಆಫೀಸಲ್ಲಿ ಒಂದು ಪ್ರಿಂಟರ್ ಹಾಕ್ಬೇಕಾದ್ರೂ ಐಟಿಯವರ ಪಾಸ್‌ವರ್ಡ್ ಬೇಕು. ಇಂಜಿನಿಯರಿಂಗ್ ಓದಿ ಬಂದವರಿಗೂ ಹೀಗೇನಾ? ನಮ್ಮ ಮೇಲೆ ಅವರಿಗೆ ನಂಬಿಕೆ ಇಲ್ವಾ?”

ಪಕ್ಕದಲ್ಲಿದ್ದ ತರುಣ ನಕ್ಕು, “ನನ್ನ ಲ್ಯಾಪ್‌ಟಾಪಲ್ಲಿ ಆ ತೊಂದ್ರೆ ಇಲ್ಲ. ಆ ಬಾಕ್ಸ್ ಬಂದ್ರೆ ಓದದೆಯೇ ಯೆಸ್ ಒತ್ತಿಬಿಡ್ತೀನಿ” ಎಂದ.

ಪ್ರಿಯ ಯುವ ಓದುಗರೇ, ಈ ಎರಡು ಮಾತುಗಳಿಗೂ ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಮನೆಗೆ ಮರಳುವಾಗ ಲೋಕಲ್ ರೈಲಿನಲ್ಲಿ ಕುಳಿತು ಯೋಚಿಸಿದೆ. ಬ್ಯಾಂಕಿನಲ್ಲಿರಲಿ, ಆಸ್ಪತ್ರೆಯಲ್ಲಿರಲಿ, ಸಾಫ್ಟ್‌ವೇರ್ ಕಂಪನಿಯಲ್ಲಿರಲಿ, ನಿಮ್ಮಲ್ಲಿ ಬಹುಮಂದಿ ದಿನದ ಎಂಟು ಗಂಟೆ ಕಂಪ್ಯೂಟರಿನ ಮುಂದೆ ಇರುವವರು. ‘ಒಪ್ಪಿಗೆ ಇದೆಯೇ?’ ಎಂದು ಕೇಳುವ ಆ ಪುಟ್ಟ ಕಿಟಕಿ ನಿಮ್ಮೆದುರು ದಿನಕ್ಕೊಮ್ಮೆಯಾದರೂ ಬರುತ್ತದೆ. ಅದು ಏಕೆ ಬರುತ್ತದೆ, ಅದಕ್ಕೆ ಹೇಗೆ ಉತ್ತರಿಸಬೇಕು ಎಂಬುದನ್ನು ಶಾಲೆಯಲ್ಲೂ ಹೇಳಿಕೊಟ್ಟಿಲ್ಲ, ಕಾಲೇಜಿನಲ್ಲೂ ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದೊಡ್ಡ ತಪ್ಪು ಮಾಡಿ ಕಲಿತೆ. ಆ ತಪ್ಪನ್ನೂ ಮುಂದೆ ಹೇಳುತ್ತೇನೆ.

ಉಗ್ರಾಣದ ಬೀಗದಕೈ

ನನ್ನ ಅಪ್ಪಯ್ಯ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅಕ್ಕಿ, ಬೇಳೆ, ತುಪ್ಪ, ಗೋಡಂಬಿ, ಕಾಫಿ ಬೀಜ ಎಲ್ಲವೂ ಅವರ ಸುಪರ್ದಿಯಲ್ಲಿ. ಬೀಗದಕೈ ಸೊಂಟದ ದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಗಲ್ಲಾದಲ್ಲಿ ಕೂರುವವರು ಉಗ್ರಾಣಕ್ಕೆ ಕಾಲಿಡುತ್ತಿರಲಿಲ್ಲ. ಉಗ್ರಾಣದವರು ಗಲ್ಲಾ ಮುಟ್ಟುತ್ತಿರಲಿಲ್ಲ. ಅಡಿಗೆಯ ಭಟ್ಟರಿಗೆ ತುಪ್ಪ ಬೇಕಾದರೆ ಕೇಳಿ, ಚೀಟಿಯಲ್ಲಿ ಬರೆಸಿ, ಅಳತೆ ಮಾಡಿಸಿಕೊಂಡೇ ಒಯ್ಯಬೇಕು. ಒಮ್ಮೆ ದಣಿಗಳ ಮಗನೇ ಬಂದು “ಬೀಗದಕೈ ಕೊಡಿ, ನಾನೇ ತೆಗೆದುಕೊಳ್ಳುತ್ತೇನೆ” ಎಂದಾಗ ಅಪ್ಪಯ್ಯ ನಯವಾಗಿ, “ಏನು ಬೇಕು ಹೇಳಿ ಮರಾಯ್ರೆ, ನಾನು ತೆಗೆದುಕೊಡ್ತೇನೆ” ಎಂದರಂತೆ.

ಆಗ ನಾನು ಹುಡುಗ. “ದಣಿಗಳ ಮಗನ ಮೇಲೂ ನಂಬಿಕೆ ಇಲ್ವಾ?” ಎಂದು ಕೇಳಿದ್ದೆ. ಅವರು ಕೊಟ್ಟ ಉತ್ತರ ಇಂದಿಗೂ ನೆನಪಿದೆ: “ನಂಬಿಕೆ ಇದ್ದುದಕ್ಕೇ ಈ ಏರ್ಪಾಡು ಮಗಾ. ನಾಳೆ ಒಂದು ಡಬ್ಬಿ ತುಪ್ಪ ಕಡಿಮೆ ಬಿದ್ದರೆ ಯಾರೂ ಅವನ ಕಡೆ ಬೆರಳು ತೋರಿಸಬಾರದಲ್ಲ.”

ಕಂಪ್ಯೂಟರಿನ ‘ಅಡ್ಮಿನಿಸ್ಟ್ರೇಟರ್’ ಅಧಿಕಾರ ಎಂದರೆ ಆ ಉಗ್ರಾಣದ ಬೀಗದಕೈ. ಹೊಸ ಪ್ರೋಗ್ರಾಂ ಹಾಕುವುದು, ಇದ್ದುದನ್ನು ತೆಗೆಯುವುದು, ವೈರಸ್ ತಡೆಯುವ ಕಾವಲನ್ನು ನಿಲ್ಲಿಸುವುದು, ಬೇರೆಯವರ ಕಡತಗಳನ್ನು ತೆರೆಯುವುದು, ಹೊಸ ಬಳಕೆದಾರರನ್ನು ಸೇರಿಸುವುದು, ಇವೆಲ್ಲ ಆ ಬೀಗದಕೈಯಿಂದ ಸಾಧ್ಯ. ಸಾಮಾನ್ಯ ಬಳಕೆದಾರನಿಗೆ ತನ್ನ ಕಡತ ಬರೆಯಲು, ಅಂಚೆ ಓದಲು, ಲೆಕ್ಕ ಹಾಕಲು ಇದಾವುದೂ ಬೇಡ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರಿಗೆ ನೀವು ಬೇರೆ, ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಬೇರೆ ಎಂಬ ಭೇದ ತಿಳಿಯದು. ನೀವು ತೆರೆದ ಪ್ರೋಗ್ರಾಂ ನಿಮ್ಮಷ್ಟೇ ಅಧಿಕಾರ ಪಡೆಯುತ್ತದೆ. ನಿಮಗೆ ಬೀಗದಕೈ ಇದ್ದರೆ ಅದಕ್ಕೂ ಇದೆ. ಆದ್ದರಿಂದ ಆ ಹುಡುಗಿಯ ಪ್ರಶ್ನೆಗೆ ಮೊದಲ ಉತ್ತರ ಇದು: ಕಂಪನಿಯವರು ಅನುಮಾನಿಸುತ್ತಿರುವುದು ನಿಮ್ಮನ್ನಲ್ಲ, ನಿಮ್ಮ ಹೆಸರು ಹೇಳಿಕೊಂಡು ಒಳಗೆ ಬರಬಹುದಾದ ಅಪರಿಚಿತನನ್ನು.

ಈ ಬಾಗಿಲು ಇಟ್ಟವರು ಯಾರು?

ಈ ವ್ಯವಸ್ಥೆ ಇಂದು ನಿನ್ನೆಯದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸತೊಡಗಿದಾಗ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕದಂತೆ ಪಾಸ್‌ವರ್ಡುಗಳು ಬಂದವು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದರಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ‘ರೂಟ್’ ಎಂದು ಹೆಸರು, ಉಳಿದವರೆಲ್ಲ ಸಾಮಾನ್ಯರು. ಆದರೆ ಸಾಮಾನ್ಯನೂ ತನ್ನ ಪಾಸ್‌ವರ್ಡ್ ಬದಲಿಸಬೇಕಲ್ಲ? ಪಾಸ್‌ವರ್ಡುಗಳ ಕಡತ ತಿದ್ದುವ ಅಧಿಕಾರ ರೂಟ್‌ಗೆ ಮಾತ್ರ. ಈ ಗಂಟನ್ನು ಬಿಡಿಸಲು ರಿಚಿಯವರು, ಒಂದು ನಿರ್ದಿಷ್ಟ ಪ್ರೋಗ್ರಾಂ ಓಡುವಷ್ಟು ಹೊತ್ತು, ಆ ಕೆಲಸಕ್ಕೆ ಮಾತ್ರ ಹೆಚ್ಚಿನ ಅಧಿಕಾರ ಸಿಗುವ ಉಪಾಯ ಕಂಡುಹಿಡಿದರು. 1979ರಲ್ಲಿ ಅದಕ್ಕೆ ಪೇಟೆಂಟ್ ಕೂಡ ದೊರೆಯಿತು. ಭಟ್ಟರಿಗೆ ಉಗ್ರಾಣದ ಬೀಗದಕೈ ಕೊಡದೆ, ಬೇಕಾದಷ್ಟು ತುಪ್ಪ ಅಳೆದುಕೊಟ್ಟ ಹಾಗೆ!

1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಪ್ರಸಿದ್ಧ ಲೇಖನವೊಂದರಲ್ಲಿ ಈ ತತ್ತ್ವವನ್ನು ನಿಯಮವಾಗಿಯೇ ನಿರೂಪಿಸಿದರು. ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ಪ್ರೋಗ್ರಾಮೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಲ್ಲಿ ನಡೆಯಬೇಕು ಎಂಬುದು ಅದರ ಸಾರ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದ ನಮ್ಮ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ಮನೆಮನೆಗೆ ಬಂದ ಪರ್ಸನಲ್ ಕಂಪ್ಯೂಟರ್ ಈ ಪಾಠವನ್ನು ಮರೆಯಿತು. ಒಬ್ಬನಿಗೆ ಒಂದು ಯಂತ್ರ, ಅಂದಮೇಲೆ ಬೀಗವೇಕೆ ಎಂಬ ಧೋರಣೆ. ವಿಂಡೋಸ್ 95, 98ರಲ್ಲಿ ಕುಳಿತವನೇ ರಾಜ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಹೆಸರಿನ ಅಂಚೆಯ ಜೊತೆ ಬಂದ ಪಿಡುಗು, ತೆರೆದವರ ಚಿತ್ರ ಮೊದಲಾದ ಕಡತಗಳನ್ನು ಅಳಿಸಿ ತನ್ನನ್ನೇ ಬರೆದುಕೊಂಡು, ಅವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಹೊರಟುಹೋದದ್ದು ಹಿರಿಯರಿಗೆ ನೆನಪಿರಬಹುದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬೀಗ ಇತ್ತು. ಆದರೆ ಯಂತ್ರ ಕೊಂಡು ಮೊದಲು ತೆರೆದ ಖಾತೆಗೇ ಪೂರ್ಣ ಅಧಿಕಾರ ಸಿಗುತ್ತಿದ್ದುದರಿಂದ ಬೀಗದಕೈ ಸದಾ ಬಾಗಿಲಲ್ಲೇ ನೇತಾಡುತ್ತಿತ್ತು.

2007ರ ಜನವರಿಯಲ್ಲಿ ಜನಸಾಮಾನ್ಯರ ಕೈಸೇರಿದ ವಿಂಡೋಸ್ ವಿಸ್ತಾ, ‘ಯೂಸರ್ ಅಕೌಂಟ್ ಕಂಟ್ರೋಲ್’ ಎಂಬ ಹೊಸ ಏರ್ಪಾಡನ್ನು ತಂದಿತು. ಅದು ಎಷ್ಟು ಸಲ ಕೇಳುತ್ತಿತ್ತೆಂದರೆ ಜನ ರೋಸಿಹೋದರು. ಪ್ರತಿಸ್ಪರ್ಧಿ ಆಪಲ್ ಕಂಪನಿ ಅದನ್ನೇ ಅಣಕಿಸಿ ಜಾಹೀರಾತು ಮಾಡಿತು. 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ, ಎಷ್ಟು ಕೇಳಬೇಕೆಂಬುದನ್ನು ನಾಲ್ಕು ಮೆಟ್ಟಿಲುಗಳಲ್ಲಿ ಹೊಂದಿಸುವ ಸೌಲಭ್ಯ ಕೊಟ್ಟರು. ಇಂದಿನ ವಿಂಡೋಸ್ 11ರಲ್ಲೂ ಅದೇ ನಾಲ್ಕು ಮೆಟ್ಟಿಲುಗಳಿವೆ.

ಪರದೆ ಮಂಕಾದಾಗ

ನೀವು ಗಮನಿಸಿರಬಹುದು: ಆ ಕಿಟಕಿ ಬರುವಾಗ ಹಿಂದಿನ ಪರದೆಯೆಲ್ಲ ಮಂಕಾಗುತ್ತದೆ. ಅದು ಅಲಂಕಾರವಲ್ಲ. ಆ ಕ್ಷಣ ವಿಂಡೋಸ್ ನಿಮ್ಮನ್ನು ಒಂದು ಪ್ರತ್ಯೇಕ ಕೋಣೆಗೆ ಕರೆದೊಯ್ದಿರುತ್ತದೆ. ಸಾಮಾನ್ಯ ಪ್ರೋಗ್ರಾಮುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವು ನಿಮ್ಮ ಪರವಾಗಿ ತಾವೇ ‘ಯೆಸ್’ ಒತ್ತಲಾರವು. ಉತ್ತರ ಕೊಡಬೇಕಾದವರು ಮನುಷ್ಯರೇ ಎಂಬುದು ಅದರ ಉದ್ದೇಶ.

ಇನ್ನೊಂದು ಸಂಗತಿ. ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದರೂ ಒಳಬಂದಾಗ ವಿಂಡೋಸ್ ನಿಮಗೆ ಎರಡು ಗುರುತಿನ ಚೀಟಿ ತಯಾರಿಸುತ್ತದೆ, ಒಂದು ಸಾಮಾನ್ಯರದು, ಒಂದು ಪೂರ್ಣ ಅಧಿಕಾರದ್ದು. ದಿನದ ಕೆಲಸವೆಲ್ಲ ಮೊದಲ ಚೀಟಿಯಲ್ಲೇ ನಡೆಯುತ್ತದೆ. ಹೆಚ್ಚಿನ ಅಧಿಕಾರ ಬೇಕಾದಾಗ ಮಾತ್ರ ನಿಮ್ಮನ್ನು ಕೇಳಿ ಎರಡನೆಯದನ್ನು ಹೊರತೆಗೆಯುತ್ತದೆ. ಅಡ್ಮಿನಿಸ್ಟ್ರೇಟರ್ ಆದವರಿಗೆ ಬರಿಯ ‘ಯೆಸ್’, ‘ನೋ’ ಎರಡು ಗುಂಡಿಗಳು ಕಾಣುತ್ತವೆ. ಸಾಮಾನ್ಯ ಖಾತೆಯವರಿಗೆ ಅಡ್ಮಿನಿಸ್ಟ್ರೇಟರ್ ಒಬ್ಬರ ಪಾಸ್‌ವರ್ಡ್ ಕೇಳುತ್ತದೆ.

ಕಿಟಕಿಯ ಬಣ್ಣವನ್ನೂ ನೋಡಿ. ಪ್ರೋಗ್ರಾಂ ತಯಾರಿಸಿದವರ ಡಿಜಿಟಲ್ ಸಹಿ ಸರಿಯಾಗಿದ್ದರೆ ನೀಲಿ ಪಟ್ಟಿ ಹಾಗೂ ಸಂಸ್ಥೆಯ ಹೆಸರು ಕಾಣುತ್ತದೆ. ಸಹಿಯೇ ಇಲ್ಲದಿದ್ದರೆ ಹಳದಿ ಪಟ್ಟಿ, ಹೆಸರಿನ ಜಾಗದಲ್ಲಿ ‘ಅನ್‌ನೋನ್’. ಆದರೆ ನೀಲಿ ಎಂದಾಕ್ಷಣ ಸಜ್ಜನ ಎಂದಲ್ಲ. ಪತ್ರದ ಮೇಲಿನ ಸಹಿ ಬರೆದವರು ಯಾರೆಂದು ಹೇಳುತ್ತದೆಯೇ ಹೊರತು ಬರೆದವರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವುದಿಲ್ಲ.

ಹಾಗೆಯೇ, ಈ ಕಿಟಕಿ ಒಂದು ಕರೆಗಂಟೆ, ಗೋಡೆಯಲ್ಲ ಎಂಬುದು ನೆನಪಿರಲಿ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕುಳಿತವರಿಗೆ ಇದೊಂದೇ ಭದ್ರವಾದ ಗಡಿ ಎಂದು ಮೈಕ್ರೋಸಾಫ್ಟ್ ಕೂಡ ಹೇಳಿಕೊಂಡಿಲ್ಲ. ನಿಜವಾದ ಗೋಡೆ ಎಂದರೆ ದಿನನಿತ್ಯ ಸಾಮಾನ್ಯ ಖಾತೆಯಲ್ಲೇ ಕೆಲಸ ಮಾಡುವುದು. ನಿಮ್ಮ ಆಫೀಸಿನವರು ಮಾಡಿರುವುದು ಅದನ್ನೇ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಹೇಳಲು ಸಂಕೋಚವಿದೆ, ಆದರೂ ನಿಮ್ಮ ವಯಸ್ಸಿನ ಒಬ್ಬ ಹುಡುಗ ಇದರಲ್ಲಿ ನೊಂದದ್ದರಿಂದ ಹೇಳಲೇಬೇಕು.

2018ರಲ್ಲಿ ನಾನು ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಲೆಕ್ಕಪತ್ರ ವಿಭಾಗಕ್ಕೆ ನಮ್ಮ ಕುಂದಾಪುರ ಕಡೆಯವರ ಮಗನೊಬ್ಬ ಹೊಸದಾಗಿ ಸೇರಿದ್ದ. ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಚುರುಕು, ವಿನಯವಂತ. ತಿಂಗಳ ಕೊನೆಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಅಪ್‌ಡೇಟ್ ಕೇಳಿದಾಗಲೆಲ್ಲ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡಿಗಾಗಿ ನನಗೆ ಫೋನ್ ಮಾಡುತ್ತಿದ್ದ. ಒಂದು ರಾತ್ರಿ ಒಂಬತ್ತರ ಹೊತ್ತಿಗೆ ನಾನು ಠಾಣೆ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿದ್ದೆ. ಫೋನ್ ಬಂತು. ಬೇಸರದಿಂದ ಪಾಸ್‌ವರ್ಡನ್ನೇ ಹೇಳಿಬಿಟ್ಟೆ. “ಇನ್ನು ನೀನೇ ಹಾಕ್ಕೋ ಮಾರಾಯ. ಯಾರಿಗೂ ಹೇಳ್ಬೇಡ” ಎಂದೆ.

ಅವನು ಯಾರಿಗೂ ಹೇಳಲಿಲ್ಲ, ದುರುಪಯೋಗವನ್ನೂ ಮಾಡಲಿಲ್ಲ. ಆದರೆ ಪರದೆ ಮಂಕಾದಾಗಲೆಲ್ಲ ಆ ಪಾಸ್‌ವರ್ಡ್ ಹೊಡೆಯುವುದು ಅವನ ಬೆರಳುಗಳಿಗೆ ಅಭ್ಯಾಸವಾಯಿತು. ಎಂಟು ತಿಂಗಳ ನಂತರ ಒಂದು ಶನಿವಾರ ಸಂಜೆ, ಜಿಎಸ್‌ಟಿ ನೋಟಿಸ್ ಎಂಬ ಹೆಸರಿನಲ್ಲಿ ಒಂದು ಅಂಚೆ ಬಂತು. ಲಗತ್ತು ತೆರೆದ. ಪರದೆ ಮಂಕಾಯಿತು. ಬೆರಳುಗಳು ತಮ್ಮ ಕೆಲಸ ಮಾಡಿದವು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಯಾವ ಯಂತ್ರದಲ್ಲೂ ಕಡತ ತೆರೆಯುತ್ತಿಲ್ಲ. ಎಲ್ಲದಕ್ಕೂ ಬೀಗ ಜಡಿದು, ಬಿಡಿಸಲು ಹಣ ಕೇಳುವ ಒಂದು ಪತ್ರ. ಅವನ ಒಂದು ಯಂತ್ರದಿಂದ ಅದು ಎಲ್ಲ ಕಡೆ ಹರಡಿದ್ದು ಹೇಗೆ? ಏಕೆಂದರೆ ಎಲ್ಲ ಯಂತ್ರಗಳಿಗೂ ನಾನು ಒಂದೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಟ್ಟಿದ್ದೆ. ಒಂದು ಕೋಣೆಯ ಬೀಗದಕೈ ಇಡೀ ಚಾಳಿಗೇ ಹೊಂದುತ್ತಿತ್ತು! ಪ್ರತಿ ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು ಆಗಾಗ ತಾನೇ ಬದಲಿಸುವ ಸಾಧನವೊಂದನ್ನು ಮೈಕ್ರೋಸಾಫ್ಟ್ 2015ರಲ್ಲೇ ಉಚಿತವಾಗಿ ಕೊಟ್ಟಿತ್ತು. ಅದರ ವಿಷಯ ಓದಿದ್ದೆ. ‘ಮುಂದಿನ ತಿಂಗಳು ನೋಡೋಣ’ ಎಂದು ಬಿಟ್ಟಿದ್ದೆ. ಬ್ಯಾಕಪ್ ಡಿಸ್ಕ್ ಕೂಡ ಅದೇ ಜಾಲಕ್ಕೆ ಸೇರಿತ್ತು. ಅದಕ್ಕೂ ಬೀಗ ಬಿದ್ದಿತ್ತು. ಎರಡು ವಾರದ ಹಿಂದೆ ಬೇರೆ ಕಟ್ಟಡದಲ್ಲಿ ಇರಿಸಿದ್ದ ಒಂದು ಪ್ರತಿ ನಮ್ಮನ್ನು ಉಳಿಸಿತು. ಉಳಿದ ಎರಡು ವಾರದ ಲೆಕ್ಕವನ್ನು ಬಿಲ್ಲುಗಳ ರಾಶಿ ಮುಂದಿಟ್ಟುಕೊಂಡು ಕೈಯಿಂದಲೇ ತುಂಬಿಸಬೇಕಾಯಿತು.

ವಿಚಾರಣೆ ನಡೆಯಿತು. ದಾಖಲೆಗಳೆಲ್ಲ ಆ ಹುಡುಗನ ಯಂತ್ರದತ್ತ, ಅವನ ಹೆಸರಿನತ್ತ ಬೆರಳು ತೋರಿಸಿದವು. ಅವನನ್ನು ಮನೆಗೆ ಕಳುಹಿಸಿದರು. ಪಾಸ್‌ವರ್ಡ್ ಅವನಿಗೆ ಹೇಗೆ ಸಿಕ್ಕಿತು ಎಂದು ಕೇಳಿದಾಗ ಅವನು ನನ್ನ ಹೆಸರು ಹೇಳಿರಲಿಲ್ಲ. ನಾನು ಮೂರು ದಿನ ಸುಮ್ಮನಿದ್ದೆ. ಕೆಲಸ, ಮನೆಯ ಸಾಲ, ಮಗಳ ಕಾಲೇಜಿನ ಫೀಸು, ಎಲ್ಲವೂ ಕಣ್ಣಮುಂದೆ ಬಂದವು. ನಾಲ್ಕನೆಯ ದಿನ ಹೋಗಿ ಹೇಳಿದೆ. ಅವನನ್ನು ಮರಳಿ ಕರೆದರು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಆದರೆ ಎಲ್ಲರೂ ತನ್ನನ್ನೇ ನೋಡುವ ಆಫೀಸಿನಲ್ಲಿ ಅವನಿಗೆ ಇರಲಾಗಲಿಲ್ಲ. ಎರಡು ತಿಂಗಳಲ್ಲಿ ಬಿಟ್ಟುಹೋದ.

ಅಂದು ಪಾಸ್‌ವರ್ಡ್ ಹೇಳಿದ್ದು ಉಪಕಾರವೆಂದು ತಿಳಿದಿದ್ದೆ. ನಿಜಕ್ಕೂ ನನ್ನ ಹೊರೆಯನ್ನು ಅವನ ತಲೆಯ ಮೇಲೆ ಇಟ್ಟಿದ್ದೆ. ಅಪ್ಪಯ್ಯ ದಣಿಗಳ ಮಗನಿಗೆ ಬೀಗದಕೈ ಕೊಡದೆ ಉಳಿಸಿದ್ದು ಏನನ್ನು ಎಂಬುದು ನನಗೆ ಅರ್ಥವಾದದ್ದು ಆಗ.

ಕೇಳಿ ಕೇಳಿ ಸುಸ್ತಾದಾಗ

ಬೆರಳು ತಾನಾಗಿ ಒತ್ತುವ ಈ ರೋಗ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯ ಒಳಜಾಲಕ್ಕೆ ಒಬ್ಬ ನುಗ್ಗಿದ. ಕಂಪನಿಗಾಗಿ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಪಾಸ್‌ವರ್ಡ್ ಹೇಗೋ ಅವನ ಕೈಸೇರಿತ್ತು. ಆದರೆ ಪ್ರವೇಶಿಸಲು ಅವರ ಫೋನಿನಲ್ಲಿ ‘ಒಪ್ಪಿಗೆ’ ಒತ್ತಬೇಕು. ಅವನು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಹೋದ; ಪ್ರತಿ ಸಲವೂ ಫೋನಿನಲ್ಲಿ ಪ್ರಶ್ನೆ ಬಂತು. ಮೊದಮೊದಲು ಅವರು ಒಪ್ಪಲಿಲ್ಲ. ಕೊನೆಗೊಮ್ಮೆ ಒತ್ತಿಬಿಟ್ಟರು. ಅಷ್ಟು ಸಾಕಾಯಿತು.

ಚಿಕ್ಕಂದಿನಲ್ಲಿ ‘ತೋಳ ಬಂತು ತೋಳ’ ಕಥೆ ಕೇಳಿದ್ದೀರಲ್ಲ? ಸುಳ್ಳು ಕೂಗು ಕೇಳಿ ಕೇಳಿ ಊರವರು ನಿಜವಾದ ತೋಳ ಬಂದಾಗ ಏಳಲಿಲ್ಲ. ಅನಗತ್ಯವಾಗಿ ಹತ್ತು ಸಲ ಕೇಳುವ ಯಂತ್ರವೂ ನಮ್ಮನ್ನು ಹಾಗೆಯೇ ಜಡಗೊಳಿಸುತ್ತದೆ. ತಪ್ಪು ಪೂರ್ತಿ ಒತ್ತಿದವರದ್ದಲ್ಲ. ಆದರೆ ಒತ್ತುವ ಬೆರಳು ನಮ್ಮದಾದ್ದರಿಂದ ಜಾಗ್ರತೆಯೂ ನಮ್ಮದೇ.

ಐದು ಪ್ರಶ್ನೆಗಳು

ಪರದೆ ಮಂಕಾದಾಗ ಕೈಯನ್ನು ಮೌಸಿನಿಂದ ತೆಗೆದು ಈ ಐದು ಪ್ರಶ್ನೆ ಕೇಳಿಕೊಳ್ಳಿ. ಹತ್ತು ಸೆಕೆಂಡ್ ಸಾಕು.

ಒಂದು: ಇದನ್ನು ಆರಂಭಿಸಿದ್ದು ನಾನೇ? ನೀವೇ ಒಂದು ಪ್ರೋಗ್ರಾಂ ಹಾಕಲು ಹೊರಟಿದ್ದರೆ ಪ್ರಶ್ನೆ ಬರುವುದು ಸಹಜ. ಸುಮ್ಮನೆ ಅಂಚೆ ಓದುತ್ತಿರುವಾಗ ಬಂದರೆ ‘ನೋ’ ಒತ್ತಿ.

ಎರಡು: ಕೇಳುತ್ತಿರುವವರು ಯಾರು? ಪ್ರೋಗ್ರಾಮಿನ ಹೆಸರು, ತಯಾರಕರ ಹೆಸರು ಓದಿ. ಕೆಳಗೆ ಇನ್ನಷ್ಟು ವಿವರ ತೋರಿಸುವ ಸಾಲು ಇರುತ್ತದೆ. ಒತ್ತಿದರೆ ಕಡತ ಎಲ್ಲಿಂದ ಓಡುತ್ತಿದೆ ಎಂದು ಕಾಣುತ್ತದೆ. ನೀವು ಇಳಿಸಿಕೊಳ್ಳದ ಕಡತ ‘ಡೌನ್‌ಲೋಡ್ಸ್’ ಅಥವಾ ‘ಟೆಂಪ್’ ಕೋಶದಿಂದ ಕೇಳುತ್ತಿದ್ದರೆ ಅನುಮಾನಿಸಿ.

ಮೂರು: ಈ ಕೆಲಸಕ್ಕೆ ಇಷ್ಟು ಅಧಿಕಾರ ಬೇಕೇ? ಒಂದು ಬಿಲ್ಲು, ಒಂದು ಫೋಟೋ, ಒಂದು ಪಿಡಿಎಫ್ ತೆರೆಯಲು ಅಡ್ಮಿನಿಸ್ಟ್ರೇಟರ್ ಬೇಡವೇ ಬೇಡ. ನೋಟಿಸ್ ಓದಲು ಪಾಸ್‌ವರ್ಡ್ ಕೇಳಿದಾಗ ನಮ್ಮ ಹುಡುಗ ಈ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು.

ನಾಲ್ಕು: ಯಾರಾದರೂ ಅವಸರಪಡಿಸುತ್ತಿದ್ದಾರೆಯೇ? “ನಾನು ಐಟಿಯಿಂದ, ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ, ಬೇಗ ಯೆಸ್ ಒತ್ತಿ” ಎಂದು ಫೋನಿನಲ್ಲಿ ಹೇಳಿದರೆ ಫೋನ್ ಇಡಿ. ದೂರದಿಂದ ನಮ್ಮ ಯಂತ್ರ ನಡೆಸಲು ಬಿಡುವ ಆಪ್‌ಗಳ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಇತ್ತೀಚೆಗೆ, 2024ರಿಂದೀಚೆಗೆ, ಇನ್ನೊಂದು ಉಪಾಯ ಹಬ್ಬಿದೆ. ‘ನೀವು ರೋಬೋ ಅಲ್ಲವೆಂದು ತೋರಿಸಲು ವಿಂಡೋಸ್ ಗುಂಡಿ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ, ಕೊನೆಗೆ ಎಂಟರ್’ ಎಂದು ಪರದೆಯೇ ಹೇಳಿಕೊಡುತ್ತದೆ. ಹಾಗೆ ಮಾಡಿದರೆ ಕಳ್ಳನ ಆಜ್ಞೆಯನ್ನು ನಿಮ್ಮ ಕೈಯಾರೆ ಓಡಿಸಿದಂತೆ. ನಿಜವಾದ ಯಾವ ಪರೀಕ್ಷೆಯೂ ಹೀಗೆ ಕೇಳುವುದಿಲ್ಲ.

ಐದು: ‘ನೋ’ ಎಂದರೆ ನಷ್ಟವೇನು? ಸಾಮಾನ್ಯವಾಗಿ ಏನೂ ಇಲ್ಲ. ಆ ಪ್ರೋಗ್ರಾಂ ಅಷ್ಟಕ್ಕೇ ನಿಲ್ಲುತ್ತದೆ. ವಿಚಾರಿಸಿ ಮತ್ತೆ ಶುರು ಮಾಡಬಹುದು. ತಪ್ಪಾಗಿ ಒತ್ತಿದ ‘ಯೆಸ್’ಗೆ ಆ ಸೌಲಭ್ಯವಿಲ್ಲ.

ಅಧಿಕಾರ ಬೇಕೇ ಬೇಕಾದಾಗ

ಕೆಲವು ಕೆಲಸಗಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ನಿಜವಾಗಿ ಬೇಕು. ಆಗ ಜಗಳವಾಡಬೇಡಿ, ಪಕ್ಕದವನ ಪಾಸ್‌ವರ್ಡ್ ಕೇಳಬೇಡಿ. ಐಟಿ ವಿಭಾಗಕ್ಕೆ ನಾಲ್ಕು ಸಾಲು ಬರೆಯಿರಿ: ಯಾವ ಸಾಫ್ಟ್‌ವೇರ್, ಯಾವ ಕೆಲಸಕ್ಕೆ, ಯಾವ ಯಂತ್ರದಲ್ಲಿ, ಎಷ್ಟು ದಿನಕ್ಕೆ. “ನನಗೆ ಅಡ್ಮಿನ್ ಬೇಕು” ಎಂದು ಬರೆದ ಚೀಟಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಹೀಗೆ ಬರೆದದ್ದು ಬೇಗ ಮಂಜೂರಾಗುತ್ತದೆ. ಆ ಮೇಜಿನ ಹಿಂದೆ ಎಷ್ಟೋ ವರ್ಷ ಕುಳಿತವನ ಮಾತು ಇದು. ಅದೇ ಕೆಲಸಕ್ಕೆ ಪದೇ ಪದೇ ಪಾಸ್‌ವರ್ಡ್ ಬೇಕಾಗುತ್ತಿದ್ದರೆ ಅದನ್ನೂ ತಿಳಿಸಿ. ಅಪ್‌ಡೇಟುಗಳನ್ನು ನಿಮ್ಮನ್ನು ಕೇಳದೆ ತಾವೇ ಹಾಕುವ ದಾರಿಗಳು ಅವರಿಗಿವೆ. ಅಂದು ನಾನು ಮಾಡಬೇಕಾಗಿದ್ದದ್ದೂ ಅದೇ.

ಕಾನೂನಿನ ಮಾತೂ ತಿಳಿದಿರಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿಯಂತೆ, ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರಿಗೆ ಪ್ರವೇಶಿಸಿದರೆ ಅಥವಾ ಹಾನಿ ಮಾಡಿದರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೆಯ ವಿಧಿಯಂತೆ ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು 66ಸಿ ವಿಧಿಯಡಿ ಪ್ರತ್ಯೇಕ ಅಪರಾಧ.

ಮನೆಯ ಸ್ವಂತ ಲ್ಯಾಪ್‌ಟಾಪಿನಲ್ಲಿ ನೀವೇ ದಣಿ, ನೀವೇ ಉಗ್ರಾಣದವರು. ಅಲ್ಲಿ ಎರಡು ಖಾತೆ ಮಾಡಿ: ಅಡ್ಮಿನಿಸ್ಟ್ರೇಟರಿಗೆ ಒಂದು, ದಿನಬಳಕೆಗೆ ಸಾಮಾನ್ಯ ಖಾತೆ ಒಂದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್ ಎಂಬಲ್ಲಿ ಹೊಸ ಖಾತೆ ಸೇರಿಸಿ, ಅದು ಯಾವ ಬಗೆಯದೆಂದು ನಿಗದಿ ಮಾಡಬಹುದು. ಪ್ರಶ್ನೆ ಕೇಳುವ ಏರ್ಪಾಡಿನ ನಾಲ್ಕು ಮೆಟ್ಟಿಲಲ್ಲಿ ಮೇಲಿನದನ್ನೇ ಆರಿಸಿ. ಕೆಳಗಿನದಕ್ಕೆ ಎಂದೂ ಇಳಿಸಬೇಡಿ. ಇಷ್ಟೆಲ್ಲ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಸಾಮಾನ್ಯ ಖಾತೆಯಲ್ಲಿ ಓಡುವ ಪಿಡುಗು ಕೂಡ ನಿಮ್ಮ ಸ್ವಂತ ಕಡತಗಳನ್ನು ಹಾಳುಮಾಡಬಲ್ಲದು, ಏಕೆಂದರೆ ಅವುಗಳ ಮೇಲೆ ನಿಮಗೆ ಅಧಿಕಾರವಿದೆ. ಆದ್ದರಿಂದ ಮುಖ್ಯ ಕಡತಗಳ ಒಂದು ಪ್ರತಿಯನ್ನು, ಯಂತ್ರಕ್ಕೆ ಸದಾ ಜೋಡಿಸಿರದ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ದೊಡ್ಡ ಅಧಿಕಾರ ಒಳ್ಳೆಯವರ ಕೈಯಲ್ಲಿದ್ದರೂ ಅಪಾಯವೇ ಎಂಬುದನ್ನು 2024ರ ಜುಲೈ 19 ತೋರಿಸಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಸಾಫ್ಟ್‌ವೇರ್ ವಿಂಡೋಸಿನ ಅತ್ಯಂತ ಒಳಗಿನ ಪದರದಲ್ಲಿ ಕೆಲಸ ಮಾಡುವಂಥದ್ದು. ಅದರ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅಲ್ಲಿ ಕಳ್ಳರಿರಲಿಲ್ಲ. ಕಾವಲುಗಾರನೇ ಕಾಲು ಜಾರಿ ಬಿದ್ದಿದ್ದ.

ತಪ್ಪಾಗಿ ಒತ್ತಿದ್ದರೆ

ಎಷ್ಟು ಎಚ್ಚರವಿದ್ದರೂ ಒಂದು ದಿನ ಬೆರಳು ತಪ್ಪಬಹುದು. ಆಗ ಮಾಡಬೇಕಾದ್ದು ಎರಡೇ. ಮೊದಲು ಜಾಲದ ಸಂಪರ್ಕ ಕತ್ತರಿಸಿ: ಕೇಬಲ್ ಕೀಳಿ, ವೈಫೈ ಆರಿಸಿ. ಕೂಡಲೇ ಐಟಿ ವಿಭಾಗಕ್ಕೆ ಹೇಳಿ, ಬೇರೆ ಫೋನಿನಿಂದಾದರೂ ಸರಿ. ನೀವೇ ಅಳಿಸಿ ಸರಿಪಡಿಸಲು ಹೋಗಬೇಡಿ. ಇಂಥ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲೇ ಸಂಸ್ಥೆಗಳಿಗೆ ಆದೇಶಿಸಿದೆ. ನೀವು ತಡ ಮಾಡಿದಷ್ಟೂ ಆ ಗಡುವು ಅವರ ಕೈತಪ್ಪುತ್ತದೆ. ನಿಮ್ಮ ಸ್ವಂತ ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹೆದರಿ ಮುಚ್ಚಿಡಬೇಡಿ. ಆ ಶನಿವಾರ ಸಂಜೆ ಏನೋ ಸರಿಯಿಲ್ಲ ಎಂದು ತನಗೂ ಅನಿಸಿತ್ತು ಎಂದು ಆ ಹುಡುಗ ಆಮೇಲೆ ನನಗೆ ಹೇಳಿದ. ಫೋನ್ ಮಾಡಿದರೆ ನಾನು ಬಯ್ಯಬಹುದೆಂದು ಸುಮ್ಮನಾದನಂತೆ. ಅವನು ಸುಮ್ಮನಿದ್ದದ್ದು ಒಂದೂವರೆ ದಿನ, ನಾನು ಸುಮ್ಮನಿದ್ದದ್ದು ಮೂರು ದಿನ. ಅನುಭವಸ್ಥನಾದ ನನ್ನ ಮೌನವೇ ಹೆಚ್ಚು ನಾಚಿಕೆಯದು.

ಅಪ್ಪಯ್ಯ ಕೆಲಸ ಬಿಟ್ಟು ಊರಿಗೆ ಹೊರಟ ದಿನ ಸೊಂಟದ ದಾರ ಬಿಚ್ಚಿ ಬೀಗದಕೈಯನ್ನು ದಣಿಗಳ ಕೈಗಿತ್ತರು. ಸಾಮಾನು ಲೆಕ್ಕ ಮಾಡಿ ಒಪ್ಪಿಸುತ್ತೇನೆ ಎಂದಾಗ ದಣಿಗಳು ಬೇಡವೆಂದರಂತೆ. ಅಪ್ಪಯ್ಯ ಕೇಳಲಿಲ್ಲ, ಇಡೀ ಮಧ್ಯಾಹ್ನ ಕುಳಿತು ಎಣಿಸಿ ಒಪ್ಪಿಸಿಯೇ ರಾತ್ರಿಯ ಬಸ್ಸು ಹತ್ತಿದರು.

ಐರೋಲಿಯ ತಂಗೀ, ನಿನ್ನ ಪ್ರಶ್ನೆಗೆ ತಡವಾಗಿಯಾದರೂ ನನ್ನ ಉತ್ತರ ಇಷ್ಟೇ. ಬೀಗದಕೈ ನಿನ್ನ ಕೈಯಲ್ಲಿಲ್ಲದಿರುವುದು ಅವಮಾನವಲ್ಲ, ನಿನಗೊಂದು ರಕ್ಷೆ. ನಾಳೆ ನೀನೇ ದೊಡ್ಡ ಹುದ್ದೆಗೆ ಬಂದು ಬೀಗದಕೈ ನಿನ್ನ ಸೊಂಟಕ್ಕೆ ಬಂದಾಗ, ಕೇಳಿದವರಿಗೆ ಬೇಕಾದ್ದನ್ನು ಬೇಗ ಅಳೆದುಕೊಡು, ಕಾಯಿಸಬೇಡ. ಬೀಗದಕೈ ಮಾತ್ರ ಯಾರಿಗೂ ಕೊಡಬೇಡ. ಪಕ್ಕದಲ್ಲಿದ್ದ ತರುಣನಿಗೂ ಒಂದು ಮಾತು: ಇನ್ನೊಮ್ಮೆ ಪರದೆ ಮಂಕಾದಾಗ ಒಂದು ಕ್ಷಣ ನಿಂತು ಓದು. ಮುಂದಿನ ಸಭೆಯಲ್ಲಿ ಸಿಕ್ಕಾಗ ಎಷ್ಟು ಸಲ ‘ನೋ’ ಒತ್ತಿದೆ ಎಂದು ಕೇಳುತ್ತೇನೆ.